ಕಾರ್ಡು ಕೊಟ್ಟ ಕೈ, ಸುತ್ತಿಗೆ ಹಿಡಿದ ಕೈ

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬರ ತಲೆಗೂದಲು ಕತ್ತರಿಸಿ ದುಡ್ಡು ತೆಗೆದುಕೊಳ್ಳಬೇಕಾದರೆ ಸರ್ಕಾರದ ಲೈಸೆನ್ಸ್ ಬೇಕು. ಸಾವಿರ ಗಂಟೆಯ ತರಬೇತಿ, ಪರೀಕ್ಷೆ, ಫೀಸು, ಎರಡು ವರ್ಷಕ್ಕೊಮ್ಮೆ ನವೀಕರಣ ಎಲ್ಲ ಉಂಟು. ಫ್ರೀಮಾಂಟಿನ ಒಂದು ಕ್ಷೌರದಂಗಡಿಯಲ್ಲಿ ಕನ್ನಡಿಯ ಪಕ್ಕ ಅಂಟಿಸಿದ್ದ ಆ ಲೈಸೆನ್ಸನ್ನು ನಮ್ಮ ಮಾವನವರು ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕೂತಲ್ಲೇ ಪೂರ್ತಿ ಓದಿದರಂತೆ. ಮೈಸೂರಿನಲ್ಲಿ ಹೈಸ್ಕೂಲು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಗೋಡೆಯ ಮೇಲೆ ಏನಿದ್ದರೂ ಓದದೆ ಬಿಡುವವರಲ್ಲ. ಮನೆಗೆ ಬಂದು ಕಾಫಿ ಲೋಟ ಕೈಗೆ ಬಂದ ಕೂಡಲೇ ಶುರು ಮಾಡಿದರು.

"ಅಲ್ಲಪ್ಪಾ, ಕೂದಲು ಕತ್ತರಿಸೋಕೆ ಲೈಸೆನ್ಸು, ಕಾರು ಓಡಿಸೋಕೆ ಲೈಸೆನ್ಸು, ಔಷಧಿ ಮಾರೋಕೆ ಲೈಸೆನ್ಸು. ಊರಿಗೆ ಊರನ್ನೇ ಹೊತ್ತಿಸೋ ಸುದ್ದಿ ಬರೆಯೋನಿಗೆ ಮಾತ್ರ ಏನೂ ಬೇಡವಾ? ಮೊಬೈಲ್ ಹಿಡಿದವನೆಲ್ಲ ಪತ್ರಕರ್ತ ಅಂತಾನೆ. ಒಂದು ಪರೀಕ್ಷೆ ಇಟ್ಟು, ಪಾಸಾದವರಿಗೆ ಸರ್ಕಾರ ಲೈಸೆನ್ಸ್ ಕೊಟ್ಟರೆ ಏನು ತಪ್ಪು?"

ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ವಾಟ್ಸಾಪಿನಲ್ಲಿ ಬಂದ ಸುಳ್ಳಿನಿಂದ ಬೇಸತ್ತ ಎಷ್ಟೋ ಸಜ್ಜನರು ಇದನ್ನೇ ಕೇಳುತ್ತಾರೆ. 2013ರಲ್ಲಿ ಪ್ರೆಸ್ ಕೌನ್ಸಿಲ್ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರು ಪತ್ರಕರ್ತರಿಗೆ ಕನಿಷ್ಠ ವಿದ್ಯಾರ್ಹತೆ ನಿಗದಿ ಮಾಡುವುದಕ್ಕೆ ಸಮಿತಿ ನೇಮಿಸಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ಕೇಂದ್ರದ ವಾರ್ತಾ ಮಂತ್ರಿ ಮನೀಶ್ ತಿವಾರಿ, ವಕೀಲರಿಗೂ ವೈದ್ಯರಿಗೂ ಇರುವಂತೆ ಪತ್ರಕರ್ತರಿಗೂ ಒಂದು ಸಾಮಾನ್ಯ ಪರೀಕ್ಷೆ, ಒಂದು ಲೈಸೆನ್ಸ್ ಇರಲಿ ಎಂದು ಸಲಹೆ ಕೊಟ್ಟರು. ಅಮೆರಿಕದಲ್ಲೂ ಇಂಥ ಮಸೂದೆಗಳು ಆಗಾಗ ತಲೆ ಎತ್ತುತ್ತವೆ: 2010ರಲ್ಲಿ ಮಿಷಿಗನ್, 2016ರಲ್ಲಿ ಸೌತ್ ಕೆರೊಲಿನಾ, ಮರುವರ್ಷ ಇಂಡಿಯಾನಾ. ಯಾವುದೂ ಕಾನೂನಾಗಲಿಲ್ಲ. ಆದರೆ ಆಲೋಚನೆಯೇನೂ ಸಾಯಲಿಲ್ಲ.

"ಮಾವ, ಇಲ್ಲೇ ಹತ್ತಿರದಲ್ಲಿ ನಡೆದದ್ದು ಹೇಳ್ತೀನಿ, ಕೇಳಿ," ಅಂದೆ.

ಸ್ಯಾನ್ ಫ್ರಾನ್ಸಿಸ್ಕೋದ ಪೊಲೀಸ್ ಇಲಾಖೆ ಪತ್ರಕರ್ತರಿಗೆ ಪ್ರೆಸ್ ಪಾಸ್ ಕೊಡುತ್ತದೆ. ಬ್ರಯಾನ್ ಕಾರ್ಮಡಿ ಎಂಬ ವಿಡಿಯೋ ಪತ್ರಕರ್ತನ ಬಳಿಯೂ ಅದಿತ್ತು. ಆತ ಯಾವ ಸಂಸ್ಥೆಯಲ್ಲೂ ಸಂಬಳಕ್ಕಿರಲಿಲ್ಲ. ಬೆಂಕಿ, ಅಪಘಾತ, ಕೊಲೆ ಎಂದು ರಾತ್ರಿ ಹೊತ್ತು ಓಡಾಡಿ ಚಿತ್ರೀಕರಿಸಿ ಟಿವಿ ಕೇಂದ್ರಗಳಿಗೆ ಮಾರುವ ಕೆಲಸ. 2019ರ ಫೆಬ್ರುವರಿ 22ರಂದು ನಗರದ ಪಬ್ಲಿಕ್ ಡಿಫೆಂಡರ್ ಜೆಫ್ ಅಡಾಚಿ ತೀರಿಕೊಂಡರು. ವಕೀಲರಿಗೆ ಕೊಡಲು ದುಡ್ಡಿಲ್ಲದ ಆರೋಪಿಗಳ ಪರ ಸರ್ಕಾರಿ ಖರ್ಚಿನಲ್ಲಿ ವಾದಿಸುವ ಹುದ್ದೆ ಅದು. ಅಡಾಚಿ ಪೊಲೀಸರ ದೌರ್ಜನ್ಯವನ್ನು ಕೋರ್ಟಿನಲ್ಲಿ ಬಯಲಿಗೆಳೆದು ಹೆಸರಾದವರು, ಜನ ಚುನಾಯಿಸಿದವರು. ಅವರ ಸಾವಿನ ಬಗ್ಗೆ ಪೊಲೀಸರೇ ಬರೆದ ವರದಿ, ಅವರ ಖಾಸಗಿ ಬದುಕಿನ ವಿವರಗಳ ಸಮೇತ, ಹೊರಗೆ ಸೋರಿತು. ಕಾರ್ಮಡಿಯ ಕೈ ಸೇರಿ ಮೂರು ಟಿವಿ ಕೇಂದ್ರಗಳಿಗೆ ಮಾರಾಟವಾಯಿತು. ಅಡಾಚಿ ಅಭಿಮಾನಿಗಳಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಇಲಾಖೆಯೊಳಗಿನವರೇ ಸತ್ತವರ ಮೇಲೆ ಸೇಡು ತೀರಿಸಿಕೊಂಡರು ಎಂಬ ಮಾತೂ ಎದ್ದಿತು.

ಸೋರಿಸಿದವನನ್ನು ಹುಡುಕುವುದು ಪೊಲೀಸರ ಕರ್ತವ್ಯ. ಅವರು ತಮ್ಮ ಇಲಾಖೆಯಲ್ಲಿ ಹುಡುಕಬೇಕಿತ್ತು. ಹೋದದ್ದು ಕಾರ್ಮಡಿಯ ಮನೆಗೆ. ಮೊದಲು ಬಂದು ಕೇಳಿದರು, ಆತ ಹೇಳಲಿಲ್ಲ. ಮೇ 10ರ ಬೆಳಿಗ್ಗೆ ದೊಡ್ಡ ಸುತ್ತಿಗೆ ಹಿಡಿದು ಗೇಟು ಒಡೆಯಲು ಬಂದರು. ಬಂದೂಕು ಕೈಯಲ್ಲಿಟ್ಟುಕೊಂಡು ಮನೆ ಜಾಲಾಡಿದರು. ಗಂಟೆಗಟ್ಟಲೆ ಆತನ ಕೈಗೆ ಕೋಳ. ಕ್ಯಾಮೆರಾ, ಕಂಪ್ಯೂಟರ್, ಫೋನು, ಟಿಪ್ಪಣಿ ಎಲ್ಲ ಹೊತ್ತುಕೊಂಡು ಹೋದರು. ಅಂದರೆ ಆತನ ಜೀವನೋಪಾಯವೇ ಪೊಲೀಸ್ ವ್ಯಾನು ಹತ್ತಿತು.

ಪತ್ರಕರ್ತನ ಮೂಲವನ್ನು ಬಲವಂತದಿಂದ ತೆಗೆಸಬಾರದು ಎಂದು ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲೇ ಬರೆದಿದೆ. ಶೀಲ್ಡ್ ಲಾ ಎಂದು ಅದಕ್ಕೆ ಹೆಸರು. ಪತ್ರಕರ್ತನ ಇಂಥ ಸಾಮಗ್ರಿಗೆ ಸರ್ಚ್ ವಾರಂಟ್ ಕೊಡಕೂಡದು ಎಂದು ಕಾಯಿದೆಯೂ ಇದೆ. ಹಾಗಿದ್ದ ಮೇಲೆ ಜಡ್ಜ್‌ಗಳು ವಾರಂಟಿಗೆ ರುಜು ಹಾಕಿದ್ದು ಹೇಗೆ? ಪೊಲೀಸರು ಸಲ್ಲಿಸಿದ ಅರ್ಜಿಯಲ್ಲಿ ಪ್ರೆಸ್ ಪಾಸಿನ ಸುದ್ದಿಯೇ ಇರಲಿಲ್ಲ! ತಾವೇ ಅಚ್ಚು ಹಾಕಿ ಕೊಟ್ಟ ಕಾರ್ಡನ್ನು ಜಡ್ಜ್ ಮುಂದೆ ಅವರು ಹೇಳಲೇ ಇಲ್ಲ. ಪೊಲೀಸ್ ಮುಖ್ಯಸ್ಥ ವಿಲಿಯಂ ಸ್ಕಾಟ್ ಮೊದಲು ದಾಳಿಯನ್ನು ಸಮರ್ಥಿಸಿ, ಎರಡು ವಾರದಲ್ಲಿ ಕ್ಷಮೆ ಕೇಳಿದರು. ಪೊಲೀಸರು ಪಡೆದಿದ್ದ ಐದೂ ವಾರಂಟುಗಳು ಕೋರ್ಟಿನಲ್ಲಿ ಒಂದೊಂದಾಗಿ ಬಿದ್ದುಹೋದವು. ಮರುವರ್ಷ ನಗರಸಭೆ 3 ಲಕ್ಷ 69 ಸಾವಿರ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಮಾವ ಲೋಟ ಕೆಳಗಿಟ್ಟರು. "ಕಾರ್ಡು ಇತ್ತಲ್ಲಪ್ಪಾ, ಅದಕ್ಕೇ ಗೆದ್ದ. ನಾನು ಹೇಳೋದೂ ಅದೇ," ಅಂದರು.

ಅಲ್ಲ. ಆತ ಗೆದ್ದದ್ದು ಸಂವಿಧಾನದಿಂದ. ಕಾರ್ಡು ಆತನನ್ನು ಕಾಪಾಡಬೇಕಿದ್ದ ಬೆಳಿಗ್ಗೆ ಅದು ಲೆಕ್ಕಕ್ಕೇ ಬರಲಿಲ್ಲ, ಯಾಕೆಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂದು ತೀರ್ಮಾನಿಸಿದವರು ಅದನ್ನು ಕೊಟ್ಟವರೇ. ಕ್ಷೌರದವನ ಲೈಸೆನ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಇದು. ಕ್ಷೌರಿಕನ ಕತ್ತರಿ ಓಡುವುದು ನನ್ನ ತಲೆಯ ಮೇಲೆ, ಸರ್ಕಾರದ ತಲೆಯ ಮೇಲಲ್ಲ. ಆತ ಕೆಲಸ ಚೆನ್ನಾಗಿ ಮಾಡಿದರೆ ಸರ್ಕಾರಕ್ಕೆ ನಷ್ಟವೇನಿಲ್ಲ. ಪತ್ರಕರ್ತ ಕೆಲಸ ಚೆನ್ನಾಗಿ ಮಾಡಿದಷ್ಟೂ ಸರ್ಕಾರಕ್ಕೆ ಇಕ್ಕಟ್ಟು. ಹೆಡ್‌ಮಾಸ್ಟರಿಗೆ ಹೇಳುವ ಮಾತಲ್ಲವೆ, ಹಾಗಾಗಿ ಹೀಗೆಂದೆ: "ಪರೀಕ್ಷೆ ಬರೆಯೋ ಹುಡುಗನ ಕೈಗೇ ಪೇಪರು ತಿದ್ದೋ ಮೇಷ್ಟ್ರನ್ನ ನೇಮಿಸೋ ಅಧಿಕಾರ ಕೊಟ್ಟರೆ ಹೇಗಿರುತ್ತೆ ಮಾವ?" ಅವರು ಉತ್ತರ ಕೊಡದೆ ಇನ್ನರ್ಧ ಲೋಟ ಕಾಫಿ ಕೇಳಿದರು.

ಹಾಗಂತ ಕಾರ್ಡೇ ಬೇಡ ಎಂದು ನಾನು ಹೇಳುವುದಿಲ್ಲ. ಈ ರಾಜ್ಯದಲ್ಲಿ ಕಾಳ್ಗಿಚ್ಚು ಹಬ್ಬಿದಾಗ ರಸ್ತೆ ಮುಚ್ಚುತ್ತಾರೆ. ಮುಚ್ಚಿದ ರಸ್ತೆಯೊಳಗೂ ಪತ್ರಕರ್ತರು ಹೋಗಬಹುದು ಎಂದು ಕಾನೂನು ಹೇಳುತ್ತದೆ. ಹೊಗೆಯ ನಡುವೆ ಬ್ಯಾರಿಕೇಡ್ ಹತ್ತಿರ ನಿಂತ ಪೇದೆಗೆ ಯಾರು ಯಾರೆಂದು ಗೊತ್ತಾಗುವುದಕ್ಕೆ ಒಂದು ಗುರುತಿನ ಚೀಟಿ ಇದ್ದರೆ ಅನುಕೂಲವೇ. ನಮ್ಮ ವಿಧಾನಸೌಧಕ್ಕೂ ಹಾಗೆ. ಬಾಗಿಲಿಗೆ ಬೇಕಾದ ಚೀಟಿ ಬಾಗಿಲಿಗಷ್ಟೇ ಇರಲಿ. ಅದು ಬರೆಯುವುದಕ್ಕೆ ಕೊಟ್ಟ ಅಪ್ಪಣೆಯಾಗಿ ಬದಲಾಗುವುದು ಬಲು ಸುಲಭ. 2025ರ ಅಕ್ಟೋಬರಿನಲ್ಲಿ ಪೆಂಟಗಾನ್ ಇದನ್ನು ಮಾಡಿಯೇ ತೋರಿಸಿತು. ಇಲಾಖೆ ಒಪ್ಪಿಗೆ ಕೊಡದ ಮಾಹಿತಿಯನ್ನು ಕೆದಕಿದರೆ ಕಾರ್ಡು ಹೋದೀತು ಎಂಬ ಷರತ್ತಿಗೆ ರುಜು ಹಾಕಿ ಎಂದಿತು. ಹೆಚ್ಚುಕಮ್ಮಿ ಎಲ್ಲ ದೊಡ್ಡ ಸಂಸ್ಥೆಗಳ ವರದಿಗಾರರೂ, ಫಾಕ್ಸ್ ನ್ಯೂಸ್‌ನವರೂ ಸೇರಿ, ರುಜು ಹಾಕದೆ ಕಾರ್ಡುಗಳನ್ನು ವಾಪಸ್ ಕೊಟ್ಟು, ಸಾಮಾನು ಕಟ್ಟಿಕೊಂಡು ಹೊರಗೆ ನಡೆದರು. ನಮ್ಮಲ್ಲೂ 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾನ್ಯತಾ ನಿಯಮಗಳಲ್ಲಿ ಸಭ್ಯತೆ, ನೈತಿಕತೆ, ಮಾನನಷ್ಟ ಇಂಥ ಕಾರಣಗಳಿಗೂ ಮಾನ್ಯತೆ ಹಿಂತೆಗೆದುಕೊಳ್ಳಬಹುದು ಎಂದಿದೆ. ಸಭ್ಯತೆಯ ಅಳತೆಗೋಲು ಯಾರ ಕೈಯಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮಾವ ಮೈಸೂರಿನವರಾದ್ದರಿಂದ ಮಾತು ತಾತಯ್ಯನವರ ಕಡೆ ಹೊರಳಿತು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರೆಂದರೆ ಅವರಿಗೆ ಅಪಾರ ಗೌರವ. ಮರಿಮಲ್ಲಪ್ಪ ಹೈಸ್ಕೂಲಿನ ಹೆಡ್‌ಮಾಸ್ಟರ್, ಅನಾಥಾಲಯ ಕಟ್ಟಿದವರು, 'ವೃತ್ತಾಂತ ಚಿಂತಾಮಣಿ', 'ಸಾಧ್ವಿ' ಪತ್ರಿಕೆಗಳನ್ನು ನಡೆಸಿದವರು. 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದಲ್ಲಿ ವೃತ್ತಪತ್ರಿಕೆಗಳ ಕಾನೂನು ಬಂತು. ಪತ್ರಿಕೆ ಹೊರಡಿಸಲು ಸರ್ಕಾರದ ಅನುಮತಿ ಬೇಕು. ಕೊಟ್ಟ ಅನುಮತಿಯನ್ನು ಸರ್ಕಾರ ಕಿತ್ತುಕೊಳ್ಳಲೂಬಹುದು. ಮೈಸೂರು ಆಗ ಕೆಟ್ಟ ರಾಜ್ಯವಾಗಿರಲಿಲ್ಲ, ಪ್ರಜಾಪ್ರತಿನಿಧಿ ಸಭೆ ಇದ್ದ ರಾಜ್ಯ. ಒಳ್ಳೆಯ ಸರ್ಕಾರದ ಕೈಗೂ ಈ ಅಸ್ತ್ರ ಕೊಡಬಾರದು ಎಂಬುದಕ್ಕೆ ನನಗೆ ಮೈಸೂರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ತಾತಯ್ಯನವರಂಥವರು ಬರೆಯುವುದಕ್ಕೆ ಯಾರಾದರೂ ಅಪ್ಪಣೆ ಕೊಡಬೇಕಿತ್ತೆ?

ಇನ್ನು ಪರೀಕ್ಷೆಯ ಮಾತು. ಡಿವಿಜಿಯವರಿಗೆ ಮೆಟ್ರಿಕ್ಯುಲೇಷನ್ ದಾಟಲಾಗಲಿಲ್ಲ. ಆ ಮನುಷ್ಯ 1907ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, 'ಭಾರತಿ' ನಡೆಸಿದರು. 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ತೆಗೆದರು. ಮುಂದೆ ಪತ್ರಿಕಾವೃತ್ತಿಯ ಬಗ್ಗೆ 'ವೃತ್ತಪತ್ರಿಕೆ' ಎಂಬ ಪುಸ್ತಕವನ್ನೇ ಬರೆದರು. ಪಿ. ಲಂಕೇಶ್ ಇಂಗ್ಲಿಷ್ ಮೇಷ್ಟರಾಗಿದ್ದವರು. 1980ರಲ್ಲಿ ಜಾಹೀರಾತೇ ಇಲ್ಲದ ವಾರಪತ್ರಿಕೆ ಶುರು ಮಾಡಿ ಮುಖ್ಯಮಂತ್ರಿಗಳಿಗೆ ನಿದ್ದೆ ಬಾರದ ಹಾಗೆ ಮಾಡಿದರು. ಇಬ್ಬರೂ ಯಾವ ಪತ್ರಕರ್ತರ ಪರೀಕ್ಷೆಯನ್ನೂ ಬರೆದು ಬಂದವರಲ್ಲ. ಕನ್ನಡದ ಮೊದಲ ಪತ್ರಿಕೆಯಾದ 1843ರ 'ಮಂಗಳೂರ ಸಮಾಚಾರ'ವನ್ನು ತೆಗೆದವನು ಜರ್ಮನಿಯಿಂದ ಬಂದ ಮಿಷನರಿ, ಹರ್ಮನ್ ಮೋಗ್ಲಿಂಗ್. ಅದಕ್ಕೆ ಎಂಟು ವರ್ಷ ಮೊದಲು, 1835ರಲ್ಲಿ, ಹಂಗಾಮಿ ಗವರ್ನರ್ ಜನರಲ್ ಮೆಟ್ಕಾಫ್ ಪತ್ರಿಕಾ ಲೈಸೆನ್ಸನ್ನು ರದ್ದು ಮಾಡಿದ್ದ. 1823ರಲ್ಲಿ ಆ ಲೈಸೆನ್ಸ್ ಬಂದಾಗ ರಾಮಮೋಹನ ರಾಯರು ತಮ್ಮ ಫಾರ್ಸಿ ಪತ್ರಿಕೆ 'ಮಿರಾತ್-ಉಲ್-ಅಖ್ಬಾರ್' ಅನ್ನು ನಿಲ್ಲಿಸಿಯೇಬಿಟ್ಟಿದ್ದರು. ಅಪ್ಪಣೆ ಕೇಳಿ ಬರೆಯುವುದಕ್ಕಿಂತ ಬರೆಯದಿರುವುದೇ ಮೇಲು ಎಂಬ ನಿಲುವು ಅವರದು.

ಡಿವಿಜಿ 'ಕರ್ನಾಟಕ' ತೆಗೆದ ಆ 1913ರಲ್ಲೇ, ನವೆಂಬರ್ 1ರಂದು, ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಗದರ್' ಪತ್ರಿಕೆ ಹುಟ್ಟಿತು. ಲಾಲಾ ಹರದಯಾಳರ ಸಂಪಾದಕತ್ವ. ಅಚ್ಚಿನ ಯಂತ್ರದ ಹತ್ತಿರ ಹದಿಹರೆಯದ ಕರ್ತಾರ್ ಸಿಂಗ್ ಸರಾಭಾ. ಭಾರತದಲ್ಲಿ 1910ರ ಪ್ರೆಸ್ ಆಕ್ಟ್ ಪತ್ರಿಕೆಗಳಿಂದ ಠೇವಣಿ ಕಟ್ಟಿಸಿಕೊಂಡು, ಸಿಟ್ಟು ಬಂದಾಗ ಅದನ್ನು ಮುಟ್ಟುಗೋಲು ಹಾಕುತ್ತಿದ್ದ ಕಾಲ. ಇಲ್ಲಿ ಕೆಲವು ವಿದ್ಯಾರ್ಥಿಗಳೂ ಕೂಲಿಕಾರರೂ ಸೇರಿ ಯಾರನ್ನೂ ಕೇಳದೆ ಬ್ರಿಟಿಷ್ ಸರ್ಕಾರದ ಶತ್ರು ಎಂದು ತಲೆಬರಹದಲ್ಲೇ ಸಾರಿಕೊಂಡ ಪತ್ರಿಕೆಯನ್ನು ಅಚ್ಚು ಹಾಕಿ ಹಡಗಿನಲ್ಲಿ ಕಳಿಸಿದರು. ಇವರನ್ನು 1917ರಲ್ಲಿ ಅಮೆರಿಕ ಸರ್ಕಾರ ಕೋರ್ಟಿಗೆ ಎಳೆದದ್ದು ನಿಜ, ಆದರೆ ಅದು ತಟಸ್ಥ ನೀತಿಯನ್ನು ಮುರಿದು ಸಂಚು ಹೂಡಿದರೆಂದು; ಪತ್ರಿಕೆಗೆ ಲೈಸೆನ್ಸ್ ಇರಲಿಲ್ಲ ಎಂದಲ್ಲ. ವುಡ್ ಸ್ಟ್ರೀಟಿನ 5ನೇ ನಂಬರಿನಲ್ಲಿ ಗದರ್ ಸ್ಮಾರಕವಿದೆ. ಗೋಲ್ಡನ್ ಗೇಟ್ ಸೇತುವೆಯ ಮುಂದೆ ಫೋಟೋ ತೆಗೆಸಿಕೊಳ್ಳುವ ನಮ್ಮ ಜನ ಅಲ್ಲಿಗೂ ಒಮ್ಮೆ ಹೋಗಿ ಬರಬೇಕು.

ಇಲ್ಲಿನ ಕನ್ನಡ ಕೂಟ 'ಸ್ವರ್ಣಸೇತು' ಸಂಚಿಕೆ ತರುವಾಗಲೂ ಸರ್ಕಾರದ ಯಾವ ಕಚೇರಿಗೂ ಅರ್ಜಿ ಹಾಕಬೇಕಿಲ್ಲ. ಊರಿನಲ್ಲಾದರೆ ಪತ್ರಿಕೆಯ ಹೆಸರು ಮೊದಲು ದೆಹಲಿಯಲ್ಲಿ ಪಾಸಾಗಬೇಕು. 1867ರ ಕಾಯಿದೆ ಹೋಗಿ 2023ರ ಕಾಯಿದೆ ಬಂದಿದೆ, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದು ನೋಂದಣಿ, ಲೈಸೆನ್ಸ್ ಅಲ್ಲ ಎನ್ನುವುದು ಸರಿಯೇ. ಎರಡರ ನಡುವಿನ ಗೋಡೆ ತೆಳ್ಳಗಿದೆ ಎಂಬುದೂ ಸರಿಯೇ.

ಕಾರ್ಡೇ ಇಲ್ಲದವನ ಗತಿ ಏನು? ಜಾಶ್ ವುಲ್ಫ್ ಎಂಬ ಹುಡುಗನ ಕಥೆ ನೋಡಿ. 2005ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಿ8 ವಿರೋಧಿ ಮೆರವಣಿಗೆ ನಡೆದು ಗಲಾಟೆಯಾಯಿತು, ಒಬ್ಬ ಪೊಲೀಸನಿಗೆ ಪೆಟ್ಟು ಬಿತ್ತು. ವುಲ್ಫ್ ಮೆರವಣಿಗೆಯನ್ನು ಚಿತ್ರೀಕರಿಸಿದ್ದ, ತನ್ನ ಜಾಲತಾಣದಲ್ಲಿ ಹಾಕಿದ್ದ, ಟಿವಿಗೂ ಒಂದಿಷ್ಟು ಮಾರಿದ್ದ. ಉಳಿದ ಚಿತ್ರಿಕೆಯನ್ನೂ ಕೊಡು, ಗ್ರ್ಯಾಂಡ್ ಜ್ಯೂರಿ ಮುಂದೆ ಸಾಕ್ಷಿ ಹೇಳು ಎಂದರು. ಒಪ್ಪಲಿಲ್ಲ. ರಾಜ್ಯದ ಕೋರ್ಟಾಗಿದ್ದರೆ ಶೀಲ್ಡ್ ಲಾ ಕಾಯುತ್ತಿತ್ತು. ಪೊಲೀಸ್ ಕಾರಿಗೆ ಕೇಂದ್ರದ ಅನುದಾನದ ಹಣ ಬಂದಿದೆ ಎಂಬ ಎಳೆ ಹಿಡಿದು ಕೇಸನ್ನು ಫೆಡರಲ್ ಕೋರ್ಟಿಗೆ ಒಯ್ದರು. ಅಲ್ಲಿ ಅಂಥ ರಕ್ಷಣೆ ಇಲ್ಲ. ಸರ್ಕಾರಿ ವಕೀಲರು ಈತ ಪತ್ರಕರ್ತನೇ ಅಲ್ಲ, ಕ್ಯಾಮೆರಾ ಹಿಡಿದು ಅಲ್ಲಿದ್ದ ಒಬ್ಬ ವ್ಯಕ್ತಿ ಅಷ್ಟೆ ಎಂದು ವಾದಿಸಿದರು. ನಮ್ಮ ಫ್ರೀಮಾಂಟಿನಿಂದ ಸ್ವಲ್ಪವೇ ದೂರದ ಡಬ್ಲಿನ್ ಜೈಲಿನಲ್ಲಿ ಆತ ಕಳೆದದ್ದು 226 ದಿನ. ಸುದ್ದಿಯ ಸಾಮಗ್ರಿ ಬಿಟ್ಟುಕೊಡದ್ದಕ್ಕೆ ಅಮೆರಿಕದ ಯಾವ ಪತ್ರಕರ್ತನೂ ಅಲ್ಲಿಯವರೆಗೆ ಅಷ್ಟು ದಿನ ಜೈಲಿನಲ್ಲಿರಲಿಲ್ಲ. 2007ರ ಏಪ್ರಿಲ್ 3ರಂದು ಬಿಡುಗಡೆಯಾಯಿತು.

ಅದೇ ಹೊತ್ತಿಗೆ, 2006ರ ಮೇ ತಿಂಗಳಲ್ಲಿ, ಸ್ಯಾನ್ ಹೋಸೆಯ ಮೇಲ್ಮನವಿ ಕೋರ್ಟಿನಲ್ಲಿ ಬೇರೆಯೇ ಮಾತು ಕೇಳಿಬಂತು. ಆಪಲ್ ಕಂಪನಿಯ ಇನ್ನೂ ಬಿಡುಗಡೆಯಾಗದ ಒಂದು ಸಾಧನದ ಗುಟ್ಟನ್ನು ಪುಟ್ಟ ಜಾಲತಾಣಗಳು ಬರೆದಿದ್ದವು. ಹೇಳಿದವರು ಯಾರೆಂದು ತಿಳಿಯಬೇಕು, ಇವರು ಪತ್ರಕರ್ತರಲ್ಲವಲ್ಲ ಎಂದಿತು ಕಂಪನಿ. ಅಸಲಿ ಸುದ್ದಿ ಯಾವುದು, ನಕಲಿ ಸುದ್ದಿ ಯಾವುದು ಎಂದು ವಿಂಗಡಿಸುವ ಕೆಲಸ ಕೋರ್ಟಿನದಲ್ಲ ಎಂದರು ನ್ಯಾಯಾಧೀಶರು. ಸುದ್ದಿ ಸಂಗ್ರಹಿಸಿ ಜನರಿಗೆ ಮುಟ್ಟಿಸುವವನಿಗೆ ರಕ್ಷಣೆ ಇದೆ, ಆತ ಯಾರೇ ಆಗಿರಲಿ. ಈ ತೀರ್ಪನ್ನು ನಾನು ಬಹಳ ಮೆಚ್ಚುತ್ತೇನೆ. ಪತ್ರಿಕೋದ್ಯಮ ಎನ್ನುವುದು ಹುದ್ದೆಯಲ್ಲ, ಮಾಡುವ ಕೆಲಸ ಎಂದು ಅದು ಒಪ್ಪಿಕೊಂಡಿತು.

ಲೈಸೆನ್ಸ್ ನಿಜವಾಗಿಯೂ ಇರುವ ಒಂದು ಜಾಗವನ್ನೂ ನೋಡಬೇಕಲ್ಲ? ರೇಡಿಯೋ. 880 ಹೆದ್ದಾರಿಯಲ್ಲಿ ಕೆಲಸಕ್ಕೆ ಹೋಗುವ ನಮ್ಮಂಥವರಿಗೆ ಕೆಸಿಬಿಎಸ್, 740 ಎಎಮ್, ಗೊತ್ತೇ ಇದೆ. ಗಂಟೆಯ 8ನೇ ನಿಮಿಷ, 18ನೇ ನಿಮಿಷ, 28, ಹೀಗೆ ಟ್ರಾಫಿಕ್ಕು ಮತ್ತು ಹವಾಮಾನ. ಈ ಕೇಂದ್ರದ ಬೇರು ಇರುವುದು ಸ್ಯಾನ್ ಹೋಸೆಯಲ್ಲಿ. 1909ರಲ್ಲಿ ಚಾರ್ಲ್ಸ್ ಹೆರಾಲ್ಡ್ ಎಂಬಾತ ತನ್ನ ವೈರ್‌ಲೆಸ್ ಶಾಲೆಯಿಂದ ಗಾಳಿಯಲ್ಲಿ ಮಾತು ಹರಿಬಿಟ್ಟ. ಆಗ ಲೈಸೆನ್ಸ್ ಎಂಬುದೇ ಇರಲಿಲ್ಲ. ಟೈಟಾನಿಕ್ ಮುಳುಗಿದ ಮೇಲೆ, 1912ರಲ್ಲಿ, ಕಾಯಿದೆ ಬಂತು. ತರಂಗಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬಾರದಲ್ಲ, ನ್ಯಾಯವಾದ ಕಾರಣವೇ. 1934ರ ಕಾಯಿದೆಯಂತೂ ಲೈಸೆನ್ಸ್ ಕೊಡುವ ಎಫ್‌ಸಿಸಿ ಸೆನ್ಸಾರ್ ಮಾಡಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ.

ಹೇಳಿದರೇನಂತೆ? ಕೇಳುಗರ ಚಂದಾದಿಂದಲೇ ನಡೆಯಲೆಂದು 1949ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಕೆಪಿಎಫ್‌ಎ ಕೇಂದ್ರದ ನವೀಕರಣವನ್ನು, ಅಲ್ಲಿ ಕಮ್ಯುನಿಸ್ಟರಿದ್ದಾರೆಯೇ ಎಂಬ ಅನುಮಾನದಲ್ಲಿ, ಎಫ್‌ಸಿಸಿ 1964ರ ಜನವರಿಯವರೆಗೆ ತಡೆದಿಟ್ಟಿತ್ತು. 2025ರ ಜನವರಿ 26ರಂದು ಕೆಸಿಬಿಎಸ್, ಸ್ಯಾನ್ ಹೋಸೆಯ ಪೂರ್ವಭಾಗದಲ್ಲಿ ವಲಸೆ ಇಲಾಖೆಯ ಅಧಿಕಾರಿಗಳು ಗುರುತಿಲ್ಲದ ವಾಹನಗಳಲ್ಲಿ ಓಡಾಡುತ್ತಿದ್ದಾರೆ ಎಂದು ವರದಿ ಮಾಡಿತು. ಬೀದಿಯಲ್ಲಿ ಕಣ್ಣಿಗೆ ಕಾಣುತ್ತಿದ್ದ ಸಂಗತಿ. ಕೆಲವೇ ದಿನಗಳಲ್ಲಿ ಎಫ್‌ಸಿಸಿ ಅಧ್ಯಕ್ಷ ಬ್ರೆಂಡನ್ ಕಾರ್ ತನಿಖೆ ಘೋಷಿಸಿದರು. ಆಮೇಲೆ ಕೇಂದ್ರದಲ್ಲಿ ರಾಜಕೀಯದ ಸುದ್ದಿಗೆ ಕೈಹಾಕಲು ಹಿಂಜರಿಕೆ ಶುರುವಾಯಿತೆಂದು ಅಲ್ಲಿ ಕೆಲಸ ಮಾಡುವವರ ಮಾತು ಪತ್ರಿಕೆಗಳಲ್ಲಿ ಬಂತು. ಲೈಸೆನ್ಸನ್ನು ಕಿತ್ತುಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಕಿತ್ತುಕೊಳ್ಳಬಲ್ಲೆವು ಎಂದು ನೆನಪಿಸಿದರೆ ಸಾಕು, ಸುದ್ದಿಮನೆಯಲ್ಲಿ ಯಾರೋ ಒಬ್ಬರು ಒಂದು ಸುದ್ದಿಯನ್ನು ಪಕ್ಕಕ್ಕಿಡುತ್ತಾರೆ. ಪಕ್ಕಕ್ಕಿಟ್ಟ ಸುದ್ದಿ ಯಾವುದೆಂದು ನಮಗೆ ಎಂದೂ ತಿಳಿಯುವುದಿಲ್ಲ.

"ಅದೆಲ್ಲ ಸರಿಯಪ್ಪಾ," ಎಂದರು ಮಾವ, "ಸುಳ್ಳಿಗೆ ಏನು ಮಾಡ್ತೀಯ?"

ಸುಳ್ಳು ಬರೆದು ಒಬ್ಬರ ಮಾನ ಕಳೆದವನಿಗೆ ಮಾನನಷ್ಟದ ಕಾನೂನು ಇದೆ, ಹಿಂಸೆಗೆ ಪ್ರಚೋದಿಸಿದವನಿಗೆ ಶಿಕ್ಷೆ ಇದೆ. ಅವು ಬರೆದ ಮೇಲೆ, ಕೋರ್ಟಿನಲ್ಲಿ, ಸಾಕ್ಷಿ ನೋಡಿ ತೀರ್ಮಾನಿಸುವ ವಿಷಯ. ಅವು ನಿಧಾನ, ನಮ್ಮಲ್ಲಂತೂ ತೀರಾ ನಿಧಾನ, ಒಪ್ಪುತ್ತೇನೆ. ಬರೆದ ಮೇಲೆ ಕೊಡುವ ಶಿಕ್ಷೆಯೂ ದುರುಪಯೋಗವಾಗುತ್ತದೆ, ಅದೂ ಕೋರ್ಟಿನ ಹೊರಗೆ: 2017ರಲ್ಲಿ ಕರ್ನಾಟಕ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ರವಿ ಬೆಳಗೆರೆ ಮತ್ತು ಅನಿಲ್ ರಾಜು ಎಂಬ ಇಬ್ಬರು ಸಂಪಾದಕರಿಗೆ ಒಂದು ವರ್ಷ ಜೈಲು ಎಂದು ತೀರ್ಮಾನಿಸಿತ್ತು. ದೂರು ಕೊಟ್ಟವರೂ ತೀರ್ಪು ಕೊಟ್ಟವರೂ ಶಾಸಕರೇ. ಇನ್ನು ಲೈಸೆನ್ಸ್ ಬಂದರೆ ಸುಳ್ಳು ನಿಲ್ಲುತ್ತದೆಯೇ? ವಾಟ್ಸಾಪಿನಲ್ಲಿ ಸುಳ್ಳು ಹಬ್ಬಿಸುವವನು ಪರೀಕ್ಷೆಗೆ ಕೂರುವುದಿಲ್ಲ, ಅವನಿಗೆ ಕಾರ್ಡೂ ಬೇಕಿಲ್ಲ. ಕಾರ್ಡು ಕಳೆದುಕೊಳ್ಳುವ ಭಯವಿರುವುದು ಹೆಸರು ಹಾಕಿ ಬರೆಯುವವನಿಗೆ, ತಾಲ್ಲೂಕು ಕಚೇರಿಯಲ್ಲಿ ಕಡತ ಕೇಳುವ ಬಡ ವರದಿಗಾರನಿಗೆ. ಮಾವನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. "ಪರೀಕ್ಷೆ ಪತ್ರಕರ್ತರೇ ಇಟ್ಟುಕೊಳ್ಳಲಿ, ಸರ್ಕಾರ ಬೇಡ," ಎನ್ನುವಲ್ಲಿಗೆ ಬಂದು ನಿಂತರು. ಕಡ್ಡಾಯ ಮಾಡದಿದ್ದರೆ ಅದಕ್ಕೆ ನನ್ನ ತಕರಾರಿಲ್ಲ.

ವುಲ್ಫ್‌ಗೆ ಆದದ್ದು ಇಂದಿಗೂ ಯಾರಿಗೂ ಆಗಬಹುದು. ಫೆಡರಲ್ ಮಟ್ಟದಲ್ಲಿ ಶೀಲ್ಡ್ ಲಾ ಇಲ್ಲ. ಅದಕ್ಕೆಂದೇ ತಂದ ಪ್ರೆಸ್ ಆಕ್ಟ್ ಮಸೂದೆಗೆ 2024ರ ಜನವರಿಯಲ್ಲಿ ಕೆಳಮನೆ ಒಮ್ಮತದಿಂದ ಒಪ್ಪಿಗೆ ಕೊಟ್ಟಿತು. ಆ ವರ್ಷದ ಕೊನೆಯಲ್ಲಿ ಅದು ಸೆನೆಟ್‌ನಲ್ಲಿ ಸತ್ತಿತು. ಆ ಮಸೂದೆಯಲ್ಲಿ ಕಾರ್ಡಿನ ಮಾತಿರಲಿಲ್ಲ. ನಿಯತವಾಗಿ ಸುದ್ದಿ ಸಂಗ್ರಹಿಸಿ ಜನರಿಗೆ ತಲುಪಿಸುವವರೆಲ್ಲರಿಗೂ ರಕ್ಷಣೆ ಎಂದಿತ್ತು. ಇಲ್ಲಿ ವೋಟು ಇರುವ ಕನ್ನಡಿಗರು ದಯವಿಟ್ಟು ತಮ್ಮ ಇಬ್ಬರು ಸೆನೆಟರುಗಳ ಕಚೇರಿಗೆ ಫೋನು ಮಾಡಿ, ಅದನ್ನು ಮತ್ತೆ ತನ್ನಿ ಎಂದು ಹೇಳಿ. ಊರಿನಲ್ಲಿ ವೋಟು ಇರುವವರು, ಪತ್ರಕರ್ತರಿಗೆ ಲೈಸೆನ್ಸ್ ತರುತ್ತೇವೆ ಎನ್ನುವ ಅಭ್ಯರ್ಥಿ ಬಾಗಿಲಿಗೆ ಬಂದಾಗ, ಅದನ್ನು ರದ್ದು ಮಾಡುವ ಅಧಿಕಾರ ಯಾರ ಕೈಯಲ್ಲಿರುತ್ತದೆ ಎಂದು ಕೇಳಿ, ಉತ್ತರ ಪಡೆದೇ ಕಳಿಸಿ.